ಶವಪೆಟ್ಟಿಗೆಯ ಪಕ್ಕದ ಮೈಕು: ಕ್ರೈಸ್ತ ಶೋಕ ಮತ್ತು ರಾಜಕೀಯದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದೊಡ್ಡ ನಾಯಕರೊಬ್ಬರು ತೀರಿಕೊಂಡಾಗ, ಇಲ್ಲವೇ ಹೆಸರಾಂತ ವ್ಯಕ್ತಿಯೊಬ್ಬರ ಕೊಲೆಯಾದಾಗ, ಟಿವಿಯಲ್ಲಿ ಚರ್ಚ್ ಕಾಣಿಸುತ್ತದೆ. ಮೇಣದಬತ್ತಿ, ಹಾಡು, ಕಪ್ಪು ಬಟ್ಟೆ, ಮುಂದಿನ ಸಾಲಿನಲ್ಲಿ ಮಂತ್ರಿಗಳು. ಆಗೆಲ್ಲ ಅವೇ ಪ್ರಶ್ನೆಗಳು ಮತ್ತೆ ಬರುತ್ತವೆ. ಇದು ಪ್ರಾರ್ಥನೆಯಾ, ಪ್ರಚಾರವಾ? ಕ್ರೈಸ್ತರಲ್ಲದ ಗೆಳೆಯರು ಇದನ್ನು ಒಂದು ರೀತಿ ಕೇಳುತ್ತಾರೆ, ಪ್ರತಿ ಭಾನುವಾರ ಚರ್ಚಿಗೆ ಹೋಗುವವರು ಇನ್ನೊಂದು ರೀತಿ ಕೇಳುತ್ತಾರೆ. ಕೆಳಗಿನ ಉತ್ತರಗಳಲ್ಲಿ ಕೆಲವು ಉದ್ದ, ಕೆಲವು ಎರಡು ಮೂರು ಸಾಲು. ಅಭಿಪ್ರಾಯ ಕಂಡರೆ ಅದು ನನ್ನದು, ಯಾವ ಕ್ರೈಸ್ತ ಸಭೆಯದೂ (ಪಂಗಡದ್ದೂ) ಅಲ್ಲ.

ಸತ್ತವರು ದೇವರ ಬಳಿಗೆ ಹೋದರು ಅಂತ ನಂಬುವವರು ಅಳೋದು ಯಾಕೆ? ಖುಷಿಪಡಬೇಕಲ್ವಾ?

ಅಳಬಾರದು ಅಂತ ಬೈಬಲ್ ಎಲ್ಲೂ ಹೇಳುವುದಿಲ್ಲ. ಯೋಹಾನನ ಸುವಾರ್ತೆಯ 11ನೇ ಅಧ್ಯಾಯದಲ್ಲಿ ಯೇಸು ಗೆಳೆಯ ಲಾಜರನ ಸಮಾಧಿಯ ಹತ್ತಿರ ನಿಂತು ಅಳುತ್ತಾನೆ. ಇನ್ನು ಸ್ವಲ್ಪ ಹೊತ್ತಿಗೆ ಅದೇ ಲಾಜರನನ್ನು ಬದುಕಿಸುತ್ತಾನೆ. ಬದುಕಿಸುತ್ತೇನೆ ಅಂತ ಗೊತ್ತಿದ್ದೂ ಅತ್ತ. ಇದಕ್ಕಿಂತ ದೊಡ್ಡ ಪರವಾನಗಿ ಇನ್ನೇನು ಬೇಕು?

ಮೊದಲ ಕಾಲದ ಕ್ರೈಸ್ತ ಪ್ರಚಾರಕ ಪೌಲನ ಮಾತನ್ನು ಜನ ಅರ್ಧ ಮಾತ್ರ ಹೇಳುತ್ತಾರೆ. ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದ 4ನೇ ಅಧ್ಯಾಯದಲ್ಲಿ ಅವನು 'ದುಃಖಪಡಬೇಡಿ' ಅಂತ ಬರೆದು ಅಲ್ಲಿಗೇ ನಿಲ್ಲಿಸಲಿಲ್ಲ. ನಿರೀಕ್ಷೆಯಿಲ್ಲದವರ ಹಾಗೆ ದುಃಖಪಡಬೇಡಿ ಅಂದ. ಎರಡಕ್ಕೂ ತುಂಬಾ ವ್ಯತ್ಯಾಸ ಇದೆ. ಈಗ ಕೆಲವು ಕಡೆ ಅಂತ್ಯಕ್ರಿಯೆಯನ್ನೇ 'ಬದುಕಿನ ಸಂಭ್ರಮ' ಅಂತ ಕರೆದು, ಅಳುವವರನ್ನು ನಂಬಿಕೆ ಕಡಿಮೆ ಇರುವವರಂತೆ ನೋಡುವುದುಂಟು. ನನಗೆ ಅದು ಹಿಡಿಸುವುದಿಲ್ಲ.

ದುಃಖ ಖಾಸಗಿ ವಿಷಯ. ಅದನ್ನು ಬೀದಿಗೆ ಯಾಕೆ ತರಬೇಕು?

ಕದ ಮುಚ್ಚಿಕೊಂಡು ಪ್ರಾರ್ಥಿಸಿ, ಉಪವಾಸ ಮಾಡುವಾಗ ಮುಖ ಸಪ್ಪೆ ಮಾಡಿಕೊಂಡು ತಿರುಗಬೇಡಿ ಅಂತ ಯೇಸು ಹೇಳಿದ್ದು ನಿಜ. ಅದು ಮತ್ತಾಯ 6ರಲ್ಲಿದೆ. ಆದರೆ ಆ ಮಾತು ಮೆಚ್ಚುಗೆಗಾಗಿ ಭಕ್ತಿ ತೋರಿಸುವವರಿಗೆ. ಒಂದು ಇಡೀ ಊರಿಗೆ ಪೆಟ್ಟು ಬಿದ್ದಾಗ ಒಬ್ಬೊಬ್ಬರೇ ಮೂಲೆಯಲ್ಲಿ ಅಳಬೇಕು ಅನ್ನುವುದು ಬೈಬಲ್‌ನ ರೂಢಿಯಲ್ಲ. ಜೆರೂಸಲೇಮ್ ಬಾಬೆಲಿನವರ ಕೈಗೆ ಬಿದ್ದು ಹಾಳಾದ ಮೇಲೆ ಹುಟ್ಟಿದ್ದು 'ಪ್ರಲಾಪಗಳು' ಅನ್ನುವ ಪುಸ್ತಕ. ಐದು ಅಧ್ಯಾಯ, ಐದೂ ಗೋಳು. ಕೀರ್ತನೆಗಳಲ್ಲೂ ಗೋಳಿನ ಹಾಡು ಬೇಕಾದಷ್ಟಿವೆ. ಅವು ಜನ ಸೇರಿ ಹಾಡಿದ ಹಾಡುಗಳು.

ಬೀದಿಗೆ ತರಲೇಬೇಕಾದ ದುಃಖವೂ ಇರುತ್ತದೆ. 1955ರಲ್ಲಿ ಅಮೆರಿಕದ ಮಿಸಿಸಿಪ್ಪಿಯಲ್ಲಿ ಹದಿನಾಲ್ಕು ವರ್ಷದ ಕಪ್ಪು ಹುಡುಗ ಎಮೆಟ್ ಟಿಲ್‌ನನ್ನು ಬಿಳಿಯರು ಹೊಡೆದು ಕೊಂದರು. ಮುಖ ಗುರುತು ಸಿಗದಷ್ಟು ಹಾಳಾಗಿತ್ತು. ತಾಯಿ ಮೇಮಿ ಟಿಲ್ ಶವಪೆಟ್ಟಿಗೆಯನ್ನು ಮುಚ್ಚಲು ಒಪ್ಪಲಿಲ್ಲ. ನನ್ನ ಮಗನಿಗೆ ಏನು ಮಾಡಿದರೋ ಅದನ್ನು ಎಲ್ಲರೂ ನೋಡಲಿ ಅಂದರು. ಶಿಕಾಗೋದ ಚರ್ಚ್ ಒಂದರಲ್ಲಿ ಹತ್ತಾರು ಸಾವಿರ ಜನ ಬಂದು ನೋಡಿದರು. ಕೊಂದವರನ್ನು ಜ್ಯೂರಿ ಬಿಟ್ಟುಬಿಟ್ಟಿತು. ಆದರೆ ಆ ತೆರೆದ ಪೆಟ್ಟಿಗೆಯನ್ನು ದೇಶ ಮರೆಯಲಿಲ್ಲ. ನಾಗರಿಕ ಹಕ್ಕುಗಳ ಚಳವಳಿಯ ಕತೆ ಹೇಳುವವರು ಇವತ್ತಿಗೂ ಅದನ್ನು ದಾಟಿ ಹೋಗುವುದಿಲ್ಲ. ಆ ತಾಯಿಯ ಹತ್ತಿರ ಹೋಗಿ 'ದುಃಖ ಖಾಸಗಿ ವಿಷಯ' ಅನ್ನಲು ಯಾರಿಗೆ ಬಾಯಿ ಬಂದೀತು?

ಬೈಬಲ್‌ನಲ್ಲಿ ರಾಜಕೀಯ ಬೆರೆತ ಶೋಕದ ಉದಾಹರಣೆ ಇದೆಯಾ?

ಇದೆ. ಎಷ್ಟು ಚೆನ್ನಾಗಿದೆ ಅಂದರೆ, ಈ ವಿಷಯದಲ್ಲಿ ನಾನು ಪದೇ ಪದೇ ಅಲ್ಲಿಗೇ ಹೋಗುತ್ತೇನೆ. ಎರಡನೆಯ ಸಮುವೇಲ, 3ನೇ ಅಧ್ಯಾಯ.

ಇಸ್ರಾಯೇಲಿನ ರಾಜ ಸೌಲ ಸತ್ತಿದ್ದಾನೆ. ದೇಶ ಎರಡು ಹೋಳಾಗಿದೆ. ಒಂದು ಕಡೆ ದಾವೀದ, ಇನ್ನೊಂದು ಕಡೆ ಸೌಲನ ಮನೆತನ. ಸೌಲನ ಸೇನಾಪತಿ ಅಬ್ನೇರ ದಾವೀದನ ಕಡೆ ವಾಲಿ, ಸಂಧಿ ಮಾತಾಡಿ, ಸಮಾಧಾನದಿಂದ ಹೊರಡುತ್ತಾನೆ. ಆಗ ದಾವೀದನ ಸೇನಾಪತಿ ಯೋವಾಬ ಅವನನ್ನು ವಾಪಸ್ ಕರೆಸಿ, ಗುಟ್ಟಿನ ಮಾತಿದೆ ಅಂತ ಪಕ್ಕಕ್ಕೆ ಕರೆದು, ಹೊಟ್ಟೆಗೆ ತಿವಿದು ಕೊಲ್ಲುತ್ತಾನೆ. ಅಬ್ನೇರ ಹಿಂದೆ ಯೋವಾಬನ ತಮ್ಮನನ್ನು ಕೊಂದದ್ದಕ್ಕೆ ಸೇಡು. ಈಗ ದಾವೀದನಿಗೆ ಸಂಕಟ. ಕೊಲೆ ಮಾಡಿಸಿದ್ದು ಇವನೇ ಅಂತ ಉತ್ತರದ ಕುಲಗಳು ನಂಬಿದರೆ ಎಲ್ಲವೂ ಮುಗಿದಂತೆ.

ದಾವೀದ ಏನು ಮಾಡುತ್ತಾನೆ? ಎಲ್ಲರೂ ಬಟ್ಟೆ ಹರಿದುಕೊಂಡು ಗೋಣಿತಟ್ಟು ಕಟ್ಟಿಕೊಳ್ಳಬೇಕು ಅನ್ನುತ್ತಾನೆ. ಕೊಂದ ಯೋವಾಬನಿಗೂ ಅದೇ ಆಜ್ಞೆ. ರಾಜ ತಾನೇ ಶವದ ಹಿಂದೆ ನಡೆಯುತ್ತಾನೆ. ಸಮಾಧಿಯ ಹತ್ತಿರ ಗಟ್ಟಿಯಾಗಿ ಅಳುತ್ತಾನೆ. ಸಂಜೆಯವರೆಗೆ ಊಟ ಮುಟ್ಟುವುದಿಲ್ಲ. ಜನರಿಗೆ ಇದು ಹಿಡಿಸಿತು, ಅಬ್ನೇರನ ಕೊಲೆಯಲ್ಲಿ ರಾಜನ ಕೈವಾಡ ಇಲ್ಲ ಅಂತ ಎಲ್ಲರಿಗೂ ತಿಳಿಯಿತು ಅಂತ ಬರೆದವನು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಅಂದರೆ ಆ ಕಣ್ಣೀರಿನಿಂದ ರಾಜಕೀಯ ಲಾಭ ಆಯಿತು. ಬೈಬಲ್‌ಗೆ ಅದು ಗೊತ್ತಿದೆ, ಅದನ್ನು ಅಡಗಿಸುವುದೂ ಇಲ್ಲ.

ಹಾಗಾದರೆ ದಾವೀದನ ಅಳು ನಿಜವಾ, ನಾಟಕವಾ? ಎರಡೂ ಒಟ್ಟಿಗೆ ಇರಬಹುದು ಅನ್ನುವುದೇ ಆ ಕತೆಯ ಬಿಗಿ. ಒಂದು ಕೊರತೆ ಮಾತ್ರ ಕಣ್ಣಿಗೆ ಹೊಡೆಯುತ್ತದೆ. ಯೋವಾಬನಿಗೆ ಶಿಕ್ಷೆ ಆಗುವುದಿಲ್ಲ. ದಾವೀದ ಅವನ ಮನೆತನಕ್ಕೆ ಶಾಪ ಹಾಕುತ್ತಾನೆ, ಇವರು ನನಗಿಂತ ಬಲಿಷ್ಠರು ಅಂತ ಗೊಣಗುತ್ತಾನೆ, ಆದರೆ ಸೇನಾಪತಿ ಸೇನಾಪತಿಯಾಗಿಯೇ ಉಳಿಯುತ್ತಾನೆ. ಶೋಕ ಅದ್ದೂರಿ, ನ್ಯಾಯ ಬಾಕಿ. ಈ ಜೋಡಿಯನ್ನು ಎಲ್ಲ ಕಾಲದ ಪೇಪರ್‌ಗಳಲ್ಲೂ ಓದಬಹುದು.

ಹಾಗಾದರೆ ಮೊಸಳೆ ಕಣ್ಣೀರನ್ನು ಗುರುತಿಸುವುದು ಹೇಗೆ?

ಒಳಮನಸ್ಸು ನೋಡಲು ನಮಗಾಗದು. ಹೊರಗೆ ಕಾಣುವುದನ್ನು ನೋಡಬಹುದು. ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ಅಳುವಿನ ಕೊನೆಗೆ ಬೆರಳು ಯಾರ ಕಡೆ ತಿರುಗುತ್ತದೆ? ಬರೀ ಎದುರಿನವರ ಕಡೆ ತಿರುಗಿದರೆ ಅದು ಮೆರವಣಿಗೆ. ಸ್ವಲ್ಪವಾದರೂ ನಮ್ಮ ಕಡೆ ತಿರುಗಿದರೆ ಅಲ್ಲಿ ಪ್ರಾರ್ಥನೆ ಇದೆ. ಯೇಸು ಇದನ್ನು ಇನ್ನೂ ಖಾರವಾಗಿ ಹೇಳಿದ್ದಾನೆ. ನಿಮ್ಮ ಹಿರಿಯರು ಪ್ರವಾದಿಗಳನ್ನು ಕೊಂದರು, ನೀವು ಆ ಪ್ರವಾದಿಗಳಿಗೆ ಸಮಾಧಿ ಕಟ್ಟಿ ಅಲಂಕಾರ ಮಾಡುತ್ತೀರಿ ಅಂತ. ಮತ್ತಾಯ 23. ಸ್ಮಾರಕ ಉದ್ಘಾಟಿಸುವ ಮೊದಲು ಎಲ್ಲರೂ ಒಮ್ಮೆ ಓದಿಕೊಳ್ಳಬೇಕಾದ ಮಾತು.

'ಕೈಸರನದನ್ನು ಕೈಸರನಿಗೆ, ದೇವರದನ್ನು ದೇವರಿಗೆ ಕೊಡಿ' ಅಂದ ಮೇಲೆ ಧರ್ಮ ಬೇರೆ, ರಾಜಕೀಯ ಬೇರೆ ಅಂತಾಯ್ತಲ್ವಾ?

ಅಷ್ಟು ಸಲೀಸಲ್ಲ. ಅದು ತೆರಿಗೆಯ ಬಗ್ಗೆ ಒಡ್ಡಿದ ಬಲೆಗೆ ಕೊಟ್ಟ ಉತ್ತರ. ನಾಣ್ಯದ ಮೇಲೆ ಕೈಸರನ, ಅಂದರೆ ರೋಮನ್ ಚಕ್ರವರ್ತಿಯ, ಮುಖ ಇತ್ತು, ಹಾಗಾಗಿ ನಾಣ್ಯ ಅವನಿಗೆ. ಮನುಷ್ಯನ ಮೇಲೆ ಯಾರ ಮುಖ ಇದೆ ಅನ್ನುವ ಪ್ರಶ್ನೆಯನ್ನು ಯೇಸು ಕೇಳುಗರಿಗೇ ಬಿಟ್ಟ. ಮನುಷ್ಯ ದೇವರ ಹೋಲಿಕೆಯಲ್ಲಿ ಆದವನು ಅಂತ ಬೈಬಲ್‌ನ ಮೊದಲ ಪುಸ್ತಕ ಆದಿಕಾಂಡದಲ್ಲಿ ಓದಿದ ಆ ಜನಕ್ಕೆ ಸುಳಿವು ಸಾಕಿತ್ತು.

ಮುಂದೆ ಎರಡೂ ದಾರಿ ಬೈಬಲ್‌ನಲ್ಲೇ ಇವೆ. ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯ ಆಳುವವರಿಗೆ ಅಧೀನರಾಗಿರಿ ಅನ್ನುತ್ತದೆ. ಬೈಬಲ್‌ನ ಕೊನೆಯ ಪುಸ್ತಕ ಪ್ರಕಟನೆಯ 13ನೇ ಅಧ್ಯಾಯದಲ್ಲಿ ಆಳುವ ಶಕ್ತಿ ಸಮುದ್ರದಿಂದ ಎದ್ದು ಬರುವ ಮೃಗ. ಅಧಿಕಾರದಲ್ಲಿರುವವರು ಮೊದಲನೆಯದನ್ನು ಇಷ್ಟಪಡುತ್ತಾರೆ, ಜೈಲಿನಲ್ಲಿರುವವರು ಎರಡನೆಯದನ್ನು.

ಚರ್ಚ್ ಯಾವತ್ತಾದರೂ ಆಳುವವರಿಗೇ 'ನೀನು ಅಳು' ಅಂದದ್ದು ಉಂಟಾ?

ಉಂಟು, ತುಂಬಾ ಹಿಂದೆ. ಕ್ರಿ.ಶ. 390ರಲ್ಲಿ ಥೆಸಲೋನಿಕದಲ್ಲಿ ಜನ ದಂಗೆ ಎದ್ದು ಸೇನಾಧಿಕಾರಿಯೊಬ್ಬನನ್ನು ಕೊಂದರು. ಪೌಲ ಪತ್ರ ಬರೆದ ಅದೇ ಊರು. ರೋಮನ್ ಚಕ್ರವರ್ತಿ ಥಿಯೊಡೋಸಿಯಸ್‌ಗೆ ಸಿಟ್ಟು ನೆತ್ತಿಗೇರಿತು. ಸೈನಿಕರು ಊರಿನ ಸಾವಿರಾರು ಜನರನ್ನು ಕಡಿದು ಹಾಕಿದರು. ಚಕ್ರವರ್ತಿ ಕ್ರೈಸ್ತ, ಭಕ್ತ ಬೇರೆ. ಮಿಲಾನಿನ ಬಿಷಪ್ ಆಂಬ್ರೋಸ್ ಅವನಿಗೆ ಕಾಗದ ಬರೆದು, ನೀನು ಪಶ್ಚಾತ್ತಾಪ ಪಡುವವರೆಗೆ ನಿನ್ನ ಮುಂದೆ ನಾನು ಬಲಿಪೂಜೆ (ಚರ್ಚಿನ ಮುಖ್ಯ ಆರಾಧನೆ, ಇಂಗ್ಲಿಷಿನಲ್ಲಿ ಮಾಸ್) ಅರ್ಪಿಸುವುದಿಲ್ಲ ಅಂತ ತಿಳಿಸಿದ. ಚಕ್ರವರ್ತಿ ರಾಜಚಿಹ್ನೆ ಕಳಚಿಟ್ಟು, ಎಲ್ಲರ ಮುಂದೆ ಚರ್ಚಿನಲ್ಲಿ ಪ್ರಾಯಶ್ಚಿತ್ತ ಮಾಡಿಕೊಂಡ.

ಐದು ವರ್ಷ ಕಳೆದು 395ರಲ್ಲಿ ಥಿಯೊಡೋಸಿಯಸ್ ಸತ್ತಾಗ ಶೋಕದ ಪ್ರವಚನ ಮಾಡಿದ್ದೂ ಇದೇ ಆಂಬ್ರೋಸ್. ಗೆದ್ದ ಯುದ್ಧಗಳ ಜೊತೆಗೆ ಚಕ್ರವರ್ತಿ ತನ್ನ ಪಾಪಕ್ಕಾಗಿ ಎಲ್ಲರೆದುರು ಅತ್ತದ್ದನ್ನೂ ಹೊಗಳಿದ. ಸತ್ತ ರಾಜನ ದೊಡ್ಡಸ್ತಿಕೆಯ ಪಟ್ಟಿಯಲ್ಲಿ ಅವನ ತಪ್ಪೊಪ್ಪಿಗೆಗೂ ಜಾಗ ಸಿಕ್ಕಿತು. ಈಗಿನ ಶ್ರದ್ಧಾಂಜಲಿ ಸಭೆಗಳಲ್ಲಿ ಇಂಥದ್ದೊಂದು ವಾಕ್ಯ ಕೇಳಿದ ನೆನಪು ನನಗಿಲ್ಲ.

ಆಂಬ್ರೋಸ್‌ನನ್ನು ಪೂರ್ತಿ ಹೀರೋ ಮಾಡುವುದೂ ಬೇಡ. ಇದಕ್ಕೆ ಎರಡು ವರ್ಷ ಮುಂಚೆ ಕ್ರೈಸ್ತರು ಯೆಹೂದ್ಯರ ಪ್ರಾರ್ಥನಾ ಮಂದಿರವೊಂದನ್ನು ಸುಟ್ಟಾಗ, ಅದನ್ನು ಮತ್ತೆ ಕಟ್ಟಿಸಿಕೊಡಿ ಅಂದ ಚಕ್ರವರ್ತಿಯ ಆಜ್ಞೆಯನ್ನು ತಡೆದವನೂ ಇವನೇ. ಚಕ್ರವರ್ತಿಯನ್ನು ಬಗ್ಗಿಸುವ ಶಕ್ತಿ ಸಿಕ್ಕರೆ ಅದು ಎರಡೂ ಕಡೆ ಕೊಯ್ಯುತ್ತದೆ.

ಅಂತ್ಯಕ್ರಿಯೆಯಲ್ಲಿ ರಾಜಕಾರಣಿಗಳು ಭಾಷಣ ಮಾಡಬಹುದಾ?

ಯಾವ ಪಂಗಡದ ಸಭೆ ಅನ್ನುವುದರ ಮೇಲೆ ಹೋಗುತ್ತದೆ. ಕ್ಯಾಥೋಲಿಕರಲ್ಲಿ ನಿಯಮ ಸ್ಪಷ್ಟ. ಅಂತ್ಯಕ್ರಿಯೆಯ ಬಲಿಪೂಜೆಯಲ್ಲಿ ಚಿಕ್ಕ ಪ್ರವಚನ ಇರಬೇಕು, ಸತ್ತವರ ಗುಣಗಾನ ಯಾವ ಬಗೆಯದೂ ಇರಬಾರದು. ಕೊನೆಯ ಬೀಳ್ಕೊಡುಗೆಗೆ ಮುಂಚೆ ಮನೆಯವರೋ ಗೆಳೆಯರೋ ನಾಲ್ಕು ಮಾತು ಆಡಲು ಅವಕಾಶ ಇದೆ, ಅಷ್ಟೇ. ನಾಲ್ಕು ಮಾತು ನಲವತ್ತಾಗುವುದು ಬೇರೆ ವಿಷಯ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ, ಅದರಲ್ಲೂ ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿ, ನೆನಪಿನ ಭಾಷಣ ಆರಾಧನೆಯ ಭಾಗವೇ.

ಗುಣಗಾನ ಬೇಡ ಅನ್ನುವ ನಿಯಮ ಒರಟು ಅನ್ನಿಸಬಹುದು. ಅದರ ಹಿಂದಿನ ಯೋಚನೆ ನನಗೆ ಇಷ್ಟ. ಸಾವಿನ ಮುಂದೆ ಬಿರುದು ಬಾವಲಿಗಳಿಗೆ ಬೆಲೆಯಿಲ್ಲ. ಆಸ್ಟ್ರಿಯಾದ ಹ್ಯಾಪ್ಸ್‌ಬರ್ಗ್ ರಾಜಮನೆತನದಲ್ಲಿ ಇದನ್ನು ಒಂದು ಆಟದ ಹಾಗೆ ಕಟ್ಟಿದ್ದಾರೆ. 2011ರಲ್ಲಿ ಆ ಮನೆತನದ ಒಟ್ಟೊ ಸತ್ತಾಗಲೂ ವಿಯೆನ್ನಾದಲ್ಲಿ ಅದು ನಡೆಯಿತು. ಶವಪೆಟ್ಟಿಗೆ ಚರ್ಚಿನ ಬಾಗಿಲಿಗೆ ಬರುತ್ತದೆ. ಕದ ತಟ್ಟುತ್ತಾರೆ. ಯಾರು ಅಂತ ಒಳಗಿನಿಂದ ಕಪುಚಿನ್ ಸನ್ಯಾಸಿ ಕೇಳುತ್ತಾರೆ. ಹೊರಗಿನವರು ರಾಜಬಿರುದುಗಳ ಉದ್ದನೆಯ ಪಟ್ಟಿ ಓದುತ್ತಾರೆ. ಅಂಥವರು ನಮಗೆ ಗೊತ್ತಿಲ್ಲ ಅಂತ ಉತ್ತರ. ಮತ್ತೆ ತಟ್ಟಿ, ಆತನ ಪದವಿ, ಸಾಧನೆಗಳನ್ನು ಓದುತ್ತಾರೆ. ಗೊತ್ತಿಲ್ಲ. ಮೂರನೇ ಸಲ ತಟ್ಟಿ, ಒಟ್ಟೊ, ಸಾಯುವ ಒಬ್ಬ ಪಾಪಿ ಮನುಷ್ಯ ಅನ್ನುತ್ತಾರೆ. ಬಾಗಿಲು ತೆರೆಯುತ್ತದೆ.

2013ರಲ್ಲಿ ಬ್ರಿಟನ್ನಿನ ಮಾಜಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅಂತ್ಯಕ್ರಿಯೆ ಲಂಡನ್ನಿನ ಸೇಂಟ್ ಪಾಲ್ಸ್‌ನಲ್ಲಿ ನಡೆದಾಗ ಬಿಷಪ್ ರಿಚರ್ಡ್ ಚಾರ್ಟರ್ಸ್ ಹೆಚ್ಚುಕಡಿಮೆ ಇದೇ ದಾರಿ ಹಿಡಿದರು. ಆಕೆಯ ನೀತಿಗಳ ಬಗ್ಗೆ ವಾದ ಮಾಡಲು ಜಾಗ ಬೇರೆ ಇದೆ, ಇಲ್ಲಿ ಮಲಗಿರುವುದು ನಮ್ಮೆಲ್ಲರ ಹಾಗೆ ಸಾವಿಗೆ ಸಿಕ್ಕ ಒಬ್ಬರು ಅಂದರು. ಹೊರಗೆ ಬೀದಿಯಲ್ಲಿ ಕೆಲವರು ಬೆನ್ನು ತೋರಿಸಿ ನಿಂತಿದ್ದರು. ಅದಕ್ಕೂ ಅವರಿಗೆ ಹಕ್ಕಿತ್ತು.

ಸರ್ಕಾರಗಳು ಒಂದು ಶವಯಾತ್ರೆಗೆ ಯಾಕೆ ಹೆದರುತ್ತವೆ?

ಬೇರೆ ಎಲ್ಲ ಸಭೆಗಳನ್ನು ನಿಷೇಧಿಸಬಹುದು, ಹೆಣ ಹೂಳುವುದನ್ನು ನಿಷೇಧಿಸಲು ಆಗದು. ಅದಕ್ಕೇ.

ವರ್ಣಭೇದದ ದಕ್ಷಿಣ ಆಫ್ರಿಕಾದಲ್ಲಿ ಹೊರಗಿನ ರಾಜಕೀಯ ಸಭೆಗಳಿಗೆ ತಡೆ ಇತ್ತು. ಹಾಗಾಗಿ ಅಂತ್ಯಕ್ರಿಯೆಯೇ ಸಭೆಯಾಯಿತು. ಪೊಲೀಸರು ಗುಂಡು ಹಾರಿಸುವುದು, ಸತ್ತವರ ಅಂತ್ಯಕ್ರಿಯೆಗೆ ಸಾವಿರಾರು ಜನ ಸೇರುವುದು, ಅಲ್ಲಿ ಮತ್ತೆ ಗುಂಡು. 1985ರ ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ವಿಚಿತ್ರ ನಿಯಮ ತಂದಿತು. ಒಂದು ಅಂತ್ಯಕ್ರಿಯೆಗೆ ಒಂದೇ ಶವ, ಬಯಲಿನಲ್ಲಿ ಬೇಡ, ಬಾವುಟ ಬೇಡ, ದೀಕ್ಷೆ ಪಡೆದ ಪಾದ್ರಿಗಳು ಮಾತ್ರ ಮಾತಾಡಬೇಕು, ಅವರೂ ರಾಜಕೀಯ ಆಡಬಾರದು. ಬಿಷಪ್ ಡೆಸ್ಮಂಡ್ ಟೂಟು ಇದನ್ನು ಪಾಲಿಸುವುದಿಲ್ಲ ಅಂತ ಹೇಳಿಯೇ ಮಾತಾಡಿದರು. ಅದೇ ವರ್ಷ ಡುಡುಜಾ ಅನ್ನುವ ಕಡೆ ಅಂತ್ಯಕ್ರಿಯೆಯೊಂದರಲ್ಲಿ ಜನ ಒಬ್ಬನನ್ನು ಪೊಲೀಸ್ ಗುಪ್ತಚರ ಅಂತ ಹಿಡಿದು ಸುಡಲು ಹೊರಟರು. ಟೂಟು ಗುಂಪಿನೊಳಗೆ ನುಗ್ಗಿ ಅವನನ್ನು ಬಿಡಿಸಿದರು. ಸರ್ಕಾರಕ್ಕೆ ಎದುರು ನಿಂತದ್ದಕ್ಕಿಂತ ಇದಕ್ಕೆ ಜಾಸ್ತಿ ಧೈರ್ಯ ಬೇಕಿತ್ತು. ತನ್ನ ಕಡೆಯ ಜನರ ದುಃಖಕ್ಕೇ ಅಡ್ಡ ನಿಲ್ಲುವುದು ಸುಮ್ನೆ ಮಾತಲ್ಲ.

ಕಮ್ಯುನಿಸ್ಟರು ಆಳುತ್ತಿದ್ದ ಪೋಲೆಂಡಿನಲ್ಲಿ ಫಾದರ್ ಯೆರ್ಜಿ ಪೊಪಿಯೆವುಷ್ಕೊ ಪ್ರತಿ ತಿಂಗಳು ತಾಯ್ನಾಡಿಗಾಗಿ ಬಲಿಪೂಜೆ ನಡೆಸುತ್ತಿದ್ದರು. ಕಾರ್ಮಿಕ ಸಂಘಟನೆ ಸಾಲಿಡಾರಿಟಿಯ ಜನ ತುಂಬಿರುತ್ತಿದ್ದರು. 1984ರ ಅಕ್ಟೋಬರ್‌ನಲ್ಲಿ ರಹಸ್ಯ ಪೊಲೀಸರು ಅವರನ್ನು ಹೊತ್ತೊಯ್ದು ಕೊಂದರು. ನವೆಂಬರ್ 3ರಂದು ವಾರ್ಸಾದಲ್ಲಿ ಲಕ್ಷಗಟ್ಟಲೆ ಜನ ಅಂತ್ಯಕ್ರಿಯೆಗೆ ಬಂದರು. ಎಲ್ ಸಾಲ್ವಡಾರ್‌ನಲ್ಲಿ ಆರ್ಚ್‌ಬಿಷಪ್ ಆಸ್ಕರ್ ರೊಮೆರೊ 1980ರ ಮಾರ್ಚ್ 24ರಂದು ಬಲಿಪೂಜೆ ಮಾಡುತ್ತಿದ್ದಾಗಲೇ ಗುಂಡಿಗೆ ಬಲಿಯಾದರು. ಹಿಂದಿನ ದಿನವಷ್ಟೇ ಅವರು ಸೈನಿಕರಿಗೆ ಈ ಕೊಲೆ ನಿಲ್ಲಿಸಿ ಅಂತ ಹೇಳಿದ್ದರು. ಮಾರ್ಚ್ 30ರ ಅಂತ್ಯಕ್ರಿಯೆಯ ಮೇಲೂ ಬಾಂಬು, ಗುಂಡು ಬಿದ್ದವು. ಹತ್ತಾರು ಜನ ಸತ್ತರು. ಅವತ್ತು ಗರಿಗಳ ಭಾನುವಾರ, ಈಸ್ಟರ್‌ಗೆ ಒಂದು ವಾರ ಮುಂಚಿನ ಹಬ್ಬ.

ಇದೆಲ್ಲ ಹಳೇ ಕತೆ ಅಂದುಕೊಳ್ಳಬೇಡಿ. ರಷ್ಯಾದ ವಿರೋಧಿ ನಾಯಕ ಅಲೆಕ್ಸಿ ನವಾಲ್ನಿ 2024ರ ಫೆಬ್ರವರಿ 16ರಂದು ಜೈಲಿನಲ್ಲಿ ಸತ್ತರು. ಮಗನ ಶವಕ್ಕಾಗಿ ತಾಯಿ ಒಂದು ವಾರ ಹೋರಾಡಬೇಕಾಯಿತು. ಆರ್ಥೊಡಾಕ್ಸ್ ಪದ್ಧತಿಯಲ್ಲಿ ನಲವತ್ತನೇ ದಿನದ ಪ್ರಾರ್ಥನೆ ದೊಡ್ಡದು. ಅವತ್ತು ಸಮಾಧಿಯ ಹತ್ತಿರ ಪ್ರಾರ್ಥಿಸಿದ ಪಾದ್ರಿಯನ್ನು ಮಾಸ್ಕೊದ ಸಭೆ ಮೂರು ವರ್ಷ ಸೇವೆಯಿಂದ ದೂರ ಇಟ್ಟಿತು. ಇಲ್ಲಿ ಹೆದರಿದ್ದು ಸರ್ಕಾರ ಮಾತ್ರ ಅಲ್ಲ, ಬೇಲಿಯೇ ಎದ್ದು ಹೊಲ ಮೇಯ್ದಿತು.

ರಾಜಕೀಯ ಕಾರಣಕ್ಕೆ ಕೊಲೆಯಾದವರೆಲ್ಲ ಹುತಾತ್ಮರಾ?

ಕ್ರೈಸ್ತ ಅರ್ಥದಲ್ಲಿ ಅಲ್ಲ. ಹುತಾತ್ಮ ಅನ್ನುವುದಕ್ಕೆ ಮೂಲ ಗ್ರೀಕ್ ಮಾತಿನ ಅರ್ಥ ಸಾಕ್ಷಿ. ರಕ್ತಸಾಕ್ಷಿ ಅನ್ನುವ ಮಾತು ಅದಕ್ಕೆ ಹತ್ತಿರ. ಹಾಗಾಗಿ ಯಾವುದಕ್ಕೆ ಸಾಕ್ಷಿ ಅಂತ ಕೇಳಲೇಬೇಕು. ರೊಮೆರೊ ವಿಷಯದಲ್ಲಿ ಕ್ಯಾಥೋಲಿಕ್ ಧರ್ಮಸಭೆಗೇ ಇದು ದಶಕಗಳ ತಲೆನೋವಾಯಿತು. ಕೊಂದವರೂ ಕ್ರೈಸ್ತರ ನಾಡಿನವರೇ. ನಂಬಿಕೆಗಾಗಿ ಕೊಂದರಾ, ರಾಜಕೀಯಕ್ಕಾಗಿ ಕೊಂದರಾ? ನಂಬಿಕೆಯ ಮೇಲಿನ ದ್ವೇಷದಿಂದಲೇ ಕೊಂದರು ಅಂತ 2015ರಲ್ಲಿ ಪೋಪ್ ಫ್ರಾನ್ಸಿಸ್ ಒಪ್ಪಿದರು. 2018ರಲ್ಲಿ ರೊಮೆರೊ ಸಂತರಾದರು. ಬಡವರ ಪರ ಮಾತಾಡಿದ್ದೇ ಆತನ ನಂಬಿಕೆ ಅಂತ ಒಪ್ಪಿಕೊಳ್ಳಲು ಮೂವತ್ತೈದು ವರ್ಷ ಹಿಡಿಯಿತು.

ಇದಕ್ಕೆ ಎದುರಾಗಿ ಕೆಲವು ಸಾವುಗಳಿಗೆ ಜನ ರಾತ್ರೋರಾತ್ರಿ ಕಿರೀಟ ತೊಡಿಸುತ್ತಾರೆ. ಅಬ್ರಹಾಂ ಲಿಂಕನ್‌ಗೆ ಗುಂಡು ಬಿದ್ದದ್ದು 1865ರ ಶುಭ ಶುಕ್ರವಾರ, ಯೇಸು ಶಿಲುಬೆಯಲ್ಲಿ ಸತ್ತದ್ದನ್ನು ನೆನೆಯುವ ದಿನ. ಪ್ರಾಣ ಹೋದದ್ದು ಮರುದಿನ. ಭಾನುವಾರ ಈಸ್ಟರ್. ಅವತ್ತಿನ ಪ್ರವಚನಗಳಲ್ಲಿ ಲಿಂಕನ್‌ನನ್ನು ಯೇಸುವಿಗೂ ಮೋಶೆಗೂ ಹೋಲಿಸಿದವರು ತುಂಬಾ ಜನ. ವಿಪರ್ಯಾಸ ಏನಂದರೆ, ಆರು ವಾರ ಮುಂಚೆ ಎರಡನೇ ಸಲ ಅಧ್ಯಕ್ಷನಾದಾಗ ಲಿಂಕನ್ ಹೇಳಿದ್ದು ಇದಕ್ಕೆ ತಿರುಗುಮುರುಗು. ಅಂತರ್ಯುದ್ಧದ ಎರಡೂ ಕಡೆಯವರು ಓದುವುದು ಒಂದೇ ಬೈಬಲ್, ಬೇಡುವುದು ಒಬ್ಬನೇ ದೇವರನ್ನು ಅಂತ.

ಕೊಲೆಯಾದವರನ್ನು ಖಂಡಿತ ಗೌರವಿಸೋಣ. ಕೊಲೆಗಾರನ ಗುಂಡು ಸತ್ತವರ ಎಲ್ಲ ಅಭಿಪ್ರಾಯಗಳಿಗೂ ದೇವರ ಮೊಹರು ಹಾಕುವುದಿಲ್ಲ. ಅವರ ಅಭಿಪ್ರಾಯ ಸರಿಯಿಲ್ಲ ಅನ್ನುವುದು ಕೊಲೆಗೆ ನೆಪವೂ ಆಗುವುದಿಲ್ಲ.

ಕೊಂದವರನ್ನು ಕ್ಷಮಿಸಿದ್ದೇವೆ ಅಂತ ಎಲ್ಲರ ಮುಂದೆ ಹೇಳುವುದು ಸರಿಯಾ?

ಹೇಳುವವರು ಯಾರು ಅನ್ನುವುದರಲ್ಲಿ ಎಲ್ಲ ಇದೆ. 2015ರ ಜೂನ್ 17ರಂದು ಅಮೆರಿಕದ ಚಾರ್ಲ್‌ಸ್ಟನ್ನಿನಲ್ಲಿ ಕಪ್ಪು ಜನರ ಇಮ್ಯಾನುಯೆಲ್ ಚರ್ಚಿನಲ್ಲಿ ಬೈಬಲ್ ಓದುತ್ತಿದ್ದ ಒಂಬತ್ತು ಜನರನ್ನು ಬಿಳಿಯ ಜನಾಂಗದ್ವೇಷಿಯೊಬ್ಬ ಕೊಂದ. ಎರಡು ದಿನದ ಮೇಲೆ ಕೋರ್ಟಿನಲ್ಲಿ ಸತ್ತವರ ಮನೆಯವರಲ್ಲಿ ಕೆಲವರು ಅವನಿಗೇ ನೇರವಾಗಿ, ನಿನ್ನನ್ನು ಕ್ಷಮಿಸುತ್ತೇನೆ ಅಂದರು. ಕೇಳಿದವರ ಮೈ ಜುಮ್ಮೆಂದಿತು. ಆದರೆ ಅದೇ ಮಾತನ್ನು ಹಿಡಿದು, ನೋಡಿ ಅವರೇ ಕ್ಷಮಿಸಿದರಲ್ಲ, ಇನ್ನು ಜನಾಂಗದ್ವೇಷದ ಮಾತು ಯಾಕೆ ಅಂದವರೂ ಇದ್ದರು. ಕ್ಷಮಿಸುವ ಹಕ್ಕು ಪೆಟ್ಟು ತಿಂದವರದ್ದು. ನೋಡುತ್ತ ಕೂತವರು ಅದನ್ನು ಕೇಳಿ ಪಡೆಯುವಂತಿಲ್ಲ, ಅದರ ಮರೆಯಲ್ಲಿ ಅಡಗುವಂತೆಯೂ ಇಲ್ಲ.

2025ರಲ್ಲಿ ಇನ್ನೊಂದು ದೃಶ್ಯ. ಕನ್ಸರ್ವೇಟಿವ್ ಕಾರ್ಯಕರ್ತ ಚಾರ್ಲಿ ಕರ್ಕ್ ಸೆಪ್ಟೆಂಬರ್ 10ರಂದು ಯೂಟಾದ ವಿಶ್ವವಿದ್ಯಾಲಯವೊಂದರಲ್ಲಿ ಗುಂಡೇಟಿಗೆ ಬಲಿಯಾದರು. 21ರಂದು ಆರಿಜೋನಾದ ಸ್ಟೇಡಿಯಂ ಒಂದರಲ್ಲಿ ನೆನಪಿನ ಸಭೆ. ಆರಾಧನೆಯ ಹಾಡುಗಳೂ ಇದ್ದವು, ರಾಜಕೀಯ ಭಾಷಣಗಳೂ ಇದ್ದವು. ಅವರ ಪತ್ನಿ ಅಳುತ್ತಲೇ, ಕೊಂದ ಯುವಕನನ್ನು ಕ್ಷಮಿಸುತ್ತೇನೆ ಅಂದರು. ಆಮೇಲೆ ಮಾತಾಡಿದ ಅಧ್ಯಕ್ಷ ಟ್ರಂಪ್, ಚಾರ್ಲಿ ಎದುರಾಳಿಗಳನ್ನು ದ್ವೇಷಿಸಲಿಲ್ಲ, ಆ ವಿಷಯದಲ್ಲಿ ನನಗೂ ಅವರಿಗೂ ಹೊಂದುವುದಿಲ್ಲ, ನಾನು ನನ್ನ ಎದುರಾಳಿಗಳನ್ನು ದ್ವೇಷಿಸುತ್ತೇನೆ ಅಂದರು. ಒಂದೇ ವೇದಿಕೆ, ಒಂದೇ ದಿನ. ಶತ್ರುಗಳನ್ನು ಪ್ರೀತಿಸಿ ಅಂತ ಯೇಸು ಹೇಳಿದ ಬೆಟ್ಟದ ಮೇಲಿನ ಪ್ರಸಂಗ ಓದಿದವರಿಗೆ ಅವೆರಡರಲ್ಲಿ ಯಾವುದು ಯೇಸುವಿನ ಮಾತಿಗೆ ಹತ್ತಿರ ಅಂತ ಬಿಡಿಸಿ ಹೇಳಬೇಕಿಲ್ಲ.

ಶತ್ರು ದೇಶದಲ್ಲಿ ಸತ್ತವರಿಗಾಗಿ ಪ್ರಾರ್ಥಿಸಿದರೆ ಅದು ದೇಶದ್ರೋಹವಾ?

1982ರಲ್ಲಿ ಕೆಲವರಿಗೆ ಹಾಗೇ ಅನ್ನಿಸಿತು. ಫಾಕ್‌ಲ್ಯಾಂಡ್ ಯುದ್ಧದಲ್ಲಿ ಬ್ರಿಟನ್ ಗೆದ್ದಿತ್ತು. ಬ್ರಿಟನ್ನಿನ 255 ಸೈನಿಕರು, ಅರ್ಜೆಂಟೀನಾದ 649 ಸೈನಿಕರು ಸತ್ತಿದ್ದರು. ಜುಲೈ 26ರಂದು ಸೇಂಟ್ ಪಾಲ್ಸ್‌ನಲ್ಲಿ ಆರಾಧನೆ. ವಿಜಯೋತ್ಸವ ನಿರೀಕ್ಷಿಸಿದವರೇ ಜಾಸ್ತಿ. ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ರಾಬರ್ಟ್ ರನ್ಸಿ ಎದ್ದು ನಿಂತು, ಎರಡೂ ಕಡೆ ಜನ ಅಳುತ್ತಿದ್ದಾರೆ, ಅರ್ಜೆಂಟೀನಾದ ಹುಡುಗರ ಮನೆಯವರಿಗೂ ಪ್ರಾರ್ಥಿಸೋಣ ಅಂದರು. ಆಳುವ ಪಕ್ಷದ ಕೆಲವರು ಕೆಂಡವಾದರು. ಹೇಡಿ ಅನ್ನುವ ಹಾಗೂ ಇರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಟ್ಯಾಂಕ್ ಅಧಿಕಾರಿಯಾಗಿ ಹೋರಾಡಿ ಮಿಲಿಟರಿ ಕ್ರಾಸ್ ಅನ್ನುವ ಶೌರ್ಯಪದಕ ಪಡೆದ ಮನುಷ್ಯ ಅವರು. ಯುದ್ಧ ಅಂದರೆ ಏನು ಅಂತ ಅವತ್ತು ಆ ಕಟ್ಟಡದಲ್ಲಿದ್ದ ಬಹುಪಾಲು ರಾಜಕಾರಣಿಗಳಿಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಸಾರ್ವಜನಿಕ ಶೋಕದಲ್ಲಿ ಚರ್ಚಿಗೆ ಒಂದೇ ಒಂದು ಕೆಲಸ ಕೊಡಿ ಅಂದರೆ ನಾನು ಇದನ್ನೇ ಕೊಡುತ್ತೇನೆ. ನಮ್ಮವರಿಗಾಗಿ ಅಳಲು ಬಾವುಟವೇ ಸಾಕು.

ಬೇರೆ ಬೇರೆ ಧರ್ಮದವರಿರುವ ದೇಶದಲ್ಲಿ ರಾಷ್ಟ್ರೀಯ ಶೋಕ ಚರ್ಚಿನಲ್ಲಿ ನಡೆಯಬಹುದಾ?

ಎರಡು ದೇಶ, ಎರಡು ದಾರಿ. ನಾರ್ವೆಯಲ್ಲಿ 2011ರ ಜುಲೈ 22ರ ದಾಳಿಯಲ್ಲಿ 77 ಜನ ಸತ್ತರು. ಎರಡು ದಿನದ ಮೇಲೆ ರಾಜ, ಪ್ರಧಾನಿ ಎಲ್ಲರೂ ಆಸ್ಲೊ ಕಥೆಡ್ರಲ್‌ನಲ್ಲಿ ಅತ್ತರು. ಆಗ ಲೂಥರನ್ ಸಭೆಯೇ ಅಲ್ಲಿನ ಅಧಿಕೃತ ಸಭೆ. ಸತ್ತವರಲ್ಲಿ ಮುಸ್ಲಿಮರೂ ಇದ್ದರು. ಒಬ್ಬ ಹುಡುಗಿಯ ಅಂತ್ಯಕ್ರಿಯೆಯಲ್ಲಿ ಪಾದ್ರಿ ಮತ್ತು ಇಮಾಮ್ ಪಕ್ಕಪಕ್ಕ ನಡೆದರು. ಕೊಂದವನು ಕ್ರೈಸ್ತ ಯೂರೋಪನ್ನು ಉಳಿಸುತ್ತೇನೆ ಅಂದುಕೊಂಡಿದ್ದ. ಅವನಿಗೆ ಕೊಟ್ಟ ಉತ್ತರಗಳಲ್ಲಿ ಇದಕ್ಕಿಂತ ಗಟ್ಟಿ ಉತ್ತರ ನಾನು ನೋಡಿಲ್ಲ.

ಫ್ರಾನ್ಸ್ 1905ರ ಕಾನೂನಿನಿಂದ ಧರ್ಮ ಮತ್ತು ಸರ್ಕಾರವನ್ನು ಬೇರ್ಪಡಿಸಿದ ದೇಶ. 2015ರ ನವೆಂಬರ್ 13ರ ದಾಳಿಯಲ್ಲಿ 130 ಜನ ಸತ್ತಾಗ, 15ರಂದು ಪ್ಯಾರಿಸ್ಸಿನ ನೋತ್ರ್ ದಾಮ್ ಕಥೆಡ್ರಲ್‌ನಲ್ಲಿ ಬಲಿಪೂಜೆ ನಡೆಯಿತು. ಸರ್ಕಾರದ ಗೌರವ 27ರಂದು ಅಲ್ಲಿನ ಸೈನಿಕ ಸ್ಮಾರಕ ಇನ್ವಾಲಿದ್‌ನ ಅಂಗಳದಲ್ಲಿ, ದೇವರ ಹೆಸರಿಲ್ಲದೆ. ಬೇಕಾದವರು ಎರಡಕ್ಕೂ ಹೋಗಬಹುದಿತ್ತು.

ಪಾದ್ರಿಗಳು ಇಂಥವರಿಗೆ ವೋಟು ಹಾಕಿ ಅನ್ನಬಹುದಾ?

ಅನ್ನದಿದ್ದರೆ ಒಳ್ಳೆಯದು. ಕ್ಯಾಥೋಲಿಕ್ ಕಾನೂನು ಪಾದ್ರಿಗಳು ಸರ್ಕಾರಿ ಅಧಿಕಾರದ ಹುದ್ದೆ ಹಿಡಿಯುವುದನ್ನೇ ತಡೆಯುತ್ತದೆ. ಶೋಕಸಭೆಯಲ್ಲಂತೂ ಬೇಡವೇ ಬೇಡ. ಅಳುತ್ತಿರುವವರು ಎದ್ದು ಹೋಗಲಾರರು, ಎದುರು ಮಾತಾಡಲಾರರು. ಅಂಥವರ ಮುಂದೆ ಪ್ರಚಾರ ಮಾಡುವುದು ಗಾಳಿ ಬಂದಾಗ ತೂರಿಕೊಳ್ಳುವ ಬುದ್ಧಿ.

ನನಗೆ ಕಂಡರಾಗದ ನಾಯಕ ಸತ್ತರೆ ಏನು ಮಾಡಲಿ?

ಮತ್ತೆ ದಾವೀದ. ಸೌಲ ಅವನನ್ನು ವರ್ಷಗಟ್ಟಲೆ ಬೇಟೆಯಾಡಿದ್ದ. ಸೌಲನೂ ಮಗ ಯೋನಾತಾನನೂ ಯುದ್ಧದಲ್ಲಿ ಸತ್ತಾಗ ದಾವೀದ ಕಟ್ಟಿದ ಹಾಡು ಎರಡನೆಯ ಸಮುವೇಲದ ಮೊದಲ ಅಧ್ಯಾಯದಲ್ಲಿದೆ. ಅದರಲ್ಲಿ ಸೌಲನ ಬಲದ ಮಾತಿದೆ, ಹೆಣ್ಣುಮಕ್ಕಳಿಗೆ ಆತ ತೊಡಿಸಿದ ಕೆಂಪು ಬಟ್ಟೆ, ಚಿನ್ನದ ಮಾತಿದೆ. ಇವೆಲ್ಲ ನಿಜ. ಆತ ಭಕ್ತನಾಗಿದ್ದ, ನ್ಯಾಯವಂತನಾಗಿದ್ದ ಅಂತ ಒಂದು ಮಾತೂ ಇಲ್ಲ. ಇಡೀ ಹಾಡಿನಲ್ಲಿ ದೇವರ ಹೆಸರೇ ಬರುವುದಿಲ್ಲ. ಕರುಳು ಹಿಂಡುವ ಸಾಲುಗಳು ಗೆಳೆಯ ಯೋನಾತಾನನಿಗೆ ಮೀಸಲು. ಸುಳ್ಳು ಹೇಳದೆ, ಹಿಗ್ಗದೆ, ಇದ್ದದ್ದನ್ನು ಹೇಳಿ ಸುಮ್ಮನಾಗಬಹುದು ಅಂತಾಯ್ತು. ಅದೂ ಆಗದಿದ್ದರೆ ಬರೀ ಸುಮ್ಮನಿರಬಹುದು.

ಸರಳವಾಗಿ ಮಾಡಿ ಅಂತ ಬರೆದಿಟ್ಟರೆ ಅಂತ್ಯಕ್ರಿಯೆಯನ್ನು ರಾಜಕೀಯದಿಂದ ಉಳಿಸಬಹುದಾ?

ಪ್ರಯತ್ನಪಟ್ಟವರಿದ್ದಾರೆ. ಫ್ರಾನ್ಸಿನ ಅಧ್ಯಕ್ಷರಾಗಿದ್ದ ದ ಗಾಲ್ 1952ರಲ್ಲೇ ಬರೆದಿಟ್ಟಿದ್ದರು. ತಮ್ಮ ಹಳ್ಳಿಯಲ್ಲೇ ಹೂಳಬೇಕು, ಅಧ್ಯಕ್ಷರು ಬೇಡ, ಮಂತ್ರಿಗಳು ಬೇಡ, ಭಾಷಣ ಬೇಡ. 1970ರಲ್ಲಿ ಹಾಗೇ ಮಾಡಿದರು. ಆದರೆ ಅದೇ ದಿನ ಪ್ಯಾರಿಸ್ಸಿನ ನೋತ್ರ್ ದಾಮ್‌ನಲ್ಲಿ ಜಗತ್ತಿನ ನಾಯಕರೆಲ್ಲ ಸೇರಿದರು, ಶವಪೆಟ್ಟಿಗೆಯೇ ಇಲ್ಲದ ಅಂತ್ಯಕ್ರಿಯೆಗೆ. ಟೂಟು 2021ರ ಕೊನೆಯಲ್ಲಿ ತೀರಿಕೊಂಡಾಗ, ಸಿಗುವುದರಲ್ಲೇ ಅಗ್ಗದ ಪೆಟ್ಟಿಗೆ ತನ್ನಿ ಅಂದಿದ್ದರು. ಹಿಡಿಗೆ ಹಗ್ಗ ಕಟ್ಟಿದ್ದ ಪೈನ್ ಮರದ ಪೆಟ್ಟಿಗೆ ಬಂತು. ಅಧ್ಯಕ್ಷರೂ ಬಂದು ಭಾಷಣ ಮಾಡಿದರು.

ಪೋಪ್ ಫ್ರಾನ್ಸಿಸ್ ತಮ್ಮ ಸಮಾಧಿ ನೆಲದಲ್ಲಿರಲಿ, ಅಲಂಕಾರ ಬೇಡ, ತಮ್ಮ ಹೆಸರನ್ನು ಲ್ಯಾಟಿನ್‌ನಲ್ಲಿ ಬರೀ 'ಫ್ರಾನ್ಸಿಸ್ಕುಸ್' ಅಂತ ಕೆತ್ತಿ ಅಂದಿದ್ದರು. 2025ರ ಏಪ್ರಿಲ್ 26ರಂದು ಅವರ ಅಂತ್ಯಕ್ರಿಯೆ. ಅದು ಶುರುವಾಗುವ ಮುಂಚೆ, ಸೇಂಟ್ ಪೀಟರ್ಸ್ ಬಸಿಲಿಕಾದ ಒಳಗೆ, ಅಮೃತಶಿಲೆಯ ನೆಲದ ಮೇಲೆ ಎರಡು ಕುರ್ಚಿ ಹಾಕಿಕೊಂಡು ಟ್ರಂಪ್ ಮತ್ತು ಉಕ್ರೇನಿನ ಜೆಲೆನ್‌ಸ್ಕಿ ಕೂತರು. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ. ಕಾಲು ಗಂಟೆ ಯುದ್ಧದ ಮಾತಾಡಿದರು. ಉಕ್ರೇನಿಗಾಗಿ ವಾರವಾರ ಪ್ರಾರ್ಥಿಸುತ್ತಿದ್ದ ಫ್ರಾನ್ಸಿಸ್ ಬದುಕಿದ್ದರೆ, ಆ ಕುರ್ಚಿಗಳನ್ನು ತಾವೇ ಎಳೆದು ತಂದು ಹಾಕುತ್ತಿದ್ದರೇನೋ.